ಮಕ್ಕಳಿಗೆ ನಿಯಮದ ಮೊದಲ ಪಾಠ

ಶಾಲೆಯಿಂದ ಮರಳಿದ ಮಗು ಒಂದು ಕೈಯಲ್ಲಿ ಕುರುಕಲು ತಿಂಡಿಯ ಪೊಟ್ಟಣವನ್ನೂ ಇನ್ನೊಂದರಲ್ಲಿ ಮೊಬೈಲನ್ನೂ ಹಿಡಿದು ಕುಳಿತುಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕರೆದರೆ ಅದಕ್ಕೆ ಹಸಿವೇ ಇರುವುದಿಲ್ಲ. ಅನೇಕ ಶ್ರಾವಕರ ಮನೆಗಳಲ್ಲೂ ಇಂದು ಕಾಣುವ ಸ್ಥಿತಿಯಿದು. ಗದರಿಕೆಯಿಂದ ಇದು ಬದಲಾಗದು.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುತ್ತ ತ್ಯಾಗದಲ್ಲಿ ಎರಡು ಬಗೆಗಳನ್ನು ಹೇಳಿದ್ದಾರೆ. ಜೀವನಪರ್ಯಂತ ಕೈಗೊಳ್ಳುವುದು ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಎಂಬ ಕಾಲಮಿತಿಯುಳ್ಳದ್ದು ನಿಯಮ. ಮಕ್ಕಳಿಗೆ ಹೊಂದುವುದು ಈ ನಿಯಮವೇ. ‘ಇನ್ನೆಂದೂ ತಿನ್ನಬೇಡ’ ಎಂಬ ಮಾತು ಮಗುವಿಗೆ ಶಿಕ್ಷೆಯಾಗಿ ತೋರುತ್ತದೆ. ‘ಈ ಚತುರ್ದಶಿಯವರೆಗೆ ಪೊಟ್ಟಣದ ತಿಂಡಿ ಬೇಡ’ ಎಂಬ ನಿಯಮವನ್ನು ಅದು ತಾನೇ ಆಯ್ದುಕೊಂಡು ಪಾಲಿಸಬಲ್ಲದು. ಪಾಲಿಸಿದ ಸಂತೋಷವೇ ಮುಂದಿನ ನಿಯಮಕ್ಕೆ ಪ್ರೇರಣೆಯಾಗುತ್ತದೆ.

ರಾತ್ರಿಭೋಜನ ತ್ಯಾಗವು ಮೂಲತಃ ಅಹಿಂಸೆಯ ಆಚರಣೆ. ಅದರಿಂದ ಮಗುವಿನ ದಿನಚರಿಗೂ ಒಂದು ಕ್ರಮ ಬರುತ್ತದೆ. ಸಂಜೆ ಪೊಟ್ಟಣ ಬಿಚ್ಚುವ ಹೊತ್ತಿಗೆ ಬಿಸಿ ರೊಟ್ಟಿ, ಹೀರೆಕಾಯಿ ಪಲ್ಯ, ಹೆಸರುಬೇಳೆ ತೊವ್ವೆ ಸಿದ್ಧವಿದ್ದರೆ ಹಸಿವೂ ತಣಿಯುತ್ತದೆ, ನಿಯಮವೂ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹೊಟ್ಟೆ ತುಂಬುವ ಮೊದಲೇ ನಿಲ್ಲಿಸುವ ಅವಮೌದರ್ಯವು ಆರು ಬಾಹ್ಯ ತಪಗಳಲ್ಲಿ ಒಂದು. ಅದನ್ನು ಬೆಳೆಯುವ ಮಕ್ಕಳ ಮೇಲೆ ಹೇರಬಾರದು. ದಶಲಕ್ಷಣ ಪರ್ವದಲ್ಲಿ ಮಕ್ಕಳ ಉಪವಾಸವನ್ನು ಹೊಗಳಿ, ಇನ್ನೊಂದು ದಿನಕ್ಕೆ ಹುರಿದುಂಬಿಸುವ ಹಿರಿಯರಿದ್ದಾರೆ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳನ್ನು ಹೇಳುವಾಗ ‘ತತ್ತ್ವಾರ್ಥಸೂತ್ರ’ವು ತ್ಯಾಗ, ತಪಸ್ಸುಗಳು ಶಕ್ತಿಗೆ ತಕ್ಕಂತಿರಬೇಕೆನ್ನುತ್ತದೆ. ಶಕ್ತಿ ಮೀರಿದ ಉಪವಾಸದಿಂದ ಮಗು ಬಳಲಿದರೆ ಅಲ್ಲಿ ಅಹಿಂಸೆಗೇ ಭಂಗ. ಹೊಟ್ಟೆ ತುಂಬ ಉಣ್ಣಲಿ. ಆದರೆ ಬೇಕಾದಷ್ಟೇ ಬಡಿಸಿಕೊಂಡು ಎಲೆಯಲ್ಲಿ ಅಗುಳನ್ನೂ ಬಿಡದಿರಲಿ.

ಆಹಾರದಷ್ಟೇ ಮುಖ್ಯವಾದುದು ದೇಹಶ್ರಮ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸತ್ಕಾರ್ಯದಲ್ಲಿ ಅನಾದರ ತೋರುವ ಪ್ರಮಾದವನ್ನು ಜೈನಧರ್ಮ ಬಂಧಕ್ಕೆ ಕಾರಣವೆಂದೇ ಎಣಿಸಿದೆ. ಬಸದಿಗೆ ನಡೆದು ಹೋಗುವುದು, ಅಂಗಳ ಗುಡಿಸುವುದು, ಬಯಲಿನಲ್ಲಿ ಆಡುವುದು ಮಕ್ಕಳ ಪಾಲಿನ ಕೆಲಸಗಳಾಗಲಿ. ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನೂ ನಡೆಯುತ್ತಲೇ ಕಲಿಸಬಹುದು. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರಿದ ಮಗು ಬಾಹುಬಲಿಯ ದರ್ಶನದೊಡನೆ ತನ್ನ ಕಾಲಿನ ಬಲವನ್ನೂ ಅರಿಯುತ್ತದೆ.

ಮಗು ನಿಯಮ ಹಿಡಿದ ದಿನ ತಂದೆತಾಯಿಯೂ ಅದನ್ನೇ ಹಿಡಿಯಬೇಕು. ಊಟದ ಹೊತ್ತಿನಲ್ಲಿ ಹಿರಿಯರ ಮೊಬೈಲೂ ಬದಿಗೆ ಸರಿದರೆ, ಆ ಪಾಠಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ.