ಶಿರಸಿ ಸೀಮೆಯ ಅಡಿಕೆ ಪರೀಕ್ಷೆಯ ಪದಕೋಶ: ಸಂಸ್ಕರಣೆ, ರುಚಿ, ಆಖ್ಯಾತ

ಕೈಯಿಂದ ಸುತ್ತಿದ ದುಬಾರಿ ಸಿಗಾರಿನ ಗುಣಪರೀಕ್ಷೆಗಾಗಿ ಇಂಗ್ಲಿಷಿನಲ್ಲಿ ಬೆಳೆದಿರುವ ಪದಕೋಶವು ಬಹುಮಟ್ಟಿಗೆ ಹೋಲಿಕೆಯನ್ನು ಆಧರಿಸಿದುದು. ಹೊಗೆಯಲ್ಲಿ ಚರ್ಮದ, ಕೋಕೋದ, ದೇವದಾರು ಮರದ ಛಾಯೆಯಿದೆ ಎಂದು ಪರೀಕ್ಷಕನು ವರ್ಣಿಸುತ್ತಾನೆ. ಒಂದು ವಸ್ತುವಿನ ರುಚಿಗೆ ಮತ್ತೊಂದು ವಸ್ತುವಿನ ಹೆಸರು ಸಲ್ಲುತ್ತದೆ. ಕೈಕೆಲಸದಿಂದ ಬೆಲೆ ಪಡೆದು, ಕಣ್ಣು, ಕೈ, ನಾಲಗೆಗಳ ಪರೀಕ್ಷೆಗೆ ಒಳಗಾಗುವ ಪದಾರ್ಥವೊಂದು ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲೂ ಇದೆ. ಅದು ಅಡಿಕೆ. ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಂತಹ ತೋಟಿಗರ ಊರುಗಳಲ್ಲಿ ಅದರ ಗುಣವನ್ನು ಹೇಳುವ ಮಾತು ಹೋಲಿಕೆಯ ದಾರಿಯನ್ನು ಹಿಡಿದಿಲ್ಲ. ಇಲ್ಲಿ ಗುಣದ ಹೆಸರು ಬಹುತೇಕ ಸಂಸ್ಕರಣೆಯ ಹೆಸರೇ ಆಗಿದೆ. ಸೇವನೆಯ ಅನುಭವಕ್ಕೆ ಬೇರೆ ಪದಗಳೂ ಬೇರೆ ವಾಕ್ಯರಚನೆಯೂ ಇವೆ. ಈ ವಿಭಜನೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ದರ್ಜೆಯ ಹೆಸರುಗಳು

ಈ ಮೂರು ತಾಲ್ಲೂಕುಗಳ ಮಾರುಕಟ್ಟೆ ಧಾರಣೆಯ ಪಟ್ಟಿಗಳಲ್ಲಿ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂಬ ಹೆಸರುಗಳು ಕಾಣುತ್ತವೆ. ಯಲ್ಲಾಪುರದ ಪಟ್ಟಿಯಲ್ಲಿ ಅಪಿ ಎಂಬುದೂ ಇದೆ. ಇವೆಲ್ಲವೂ ನಾಮಪದಗಳು. ಒಂದೂ ರುಚಿವಾಚಕವಲ್ಲ. ‘ಇದು ಚಾಲಿ’ ಎಂಬ ಕ್ರಿಯಾಪದರಹಿತ ವಾಕ್ಯವು ಹೊರನೋಟಕ್ಕೆ ವರ್ಗವನ್ನಷ್ಟೇ ಸೂಚಿಸುತ್ತದೆ. ಆದರೆ ಕೇಳುವವನಿಗೆ ಅದರಿಂದ ಆ ಅಡಿಕೆಯ ಚರಿತ್ರೆಯೇ ತಿಳಿಯುತ್ತದೆ: ಕಾಯಿ ಮರದಲ್ಲೇ ಹಣ್ಣಾಗಿತ್ತು, ಸಿಪ್ಪೆಸಹಿತ ಸುಮಾರು 40ರಿಂದ 45 ದಿನ ಬಿಸಿಲಿನಲ್ಲಿ ಒಣಗಿತ್ತು, ಆಮೇಲೆ ಸುಲಿಯಲ್ಪಟ್ಟಿತು. ರಾಶಿ ಎಂದರೆ ಕಥೆ ಬೇರೆ. ಹಸಿರಾಗಿರುವಾಗಲೇ ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಕೆಂಪಡಿಕೆ ಅದು. ಸಾಮಾನ್ಯ ಕನ್ನಡದಲ್ಲಿ ಗುಡ್ಡೆಯನ್ನು, ಅಂದರೆ ಪರಿಮಾಣವನ್ನು ಸೂಚಿಸುವ ‘ರಾಶಿ’ಯು ಇಲ್ಲಿ ದರ್ಜೆಯ ಹೆಸರಾಗಿದೆ. ‘ಕೆಂಪು’, ‘ಬಿಳಿ’ ಎಂಬ ಬಣ್ಣದ ಪದಗಳೂ ‘ಕೆಂಪಡಿಕೆ’, ‘ಬಿಳಿ ಅಡಿಕೆ’ಗಳಲ್ಲಿ ‘ಬೇಯಿಸಿದ’, ‘ಬೇಯಿಸದ’ ಎಂಬ ಅರ್ಥಭೇದವನ್ನು ಹೊತ್ತಿವೆ.

ಗುಣವಾಚಕಗಳಲ್ಲಿ ‘ಹಳೆ’, ‘ಹೊಸ’ ಎಂಬ ಜೋಡಿಯು ವಿಶೇಷ ಗಮನಕ್ಕೆ ಅರ್ಹವಾದುದು. ದಿನಬಳಕೆಯ ವಸ್ತುಗಳ ವಿಷಯದಲ್ಲಿ ‘ಹೊಸ’ದ ಕಡೆಗೆ ವಾಲುವ ಮೌಲ್ಯವು ಚಾಲಿಯಲ್ಲಿ ತಿರುಗುಮುರುಗಾಗುತ್ತದೆ. ದಾಸ್ತಾನಿನಲ್ಲಿ ಮಾಗಿದ ಹಳೆ ಚಾಲಿಗೆ ಸಾಮಾನ್ಯವಾಗಿ ಹೊಸ ಚಾಲಿಗಿಂತ ಹೆಚ್ಚಿನ ಧಾರಣೆ ಸಿಗುತ್ತದೆ. ಪದದ ಮೂಲಾರ್ಥ ಬದಲಾಗಿಲ್ಲ. ಬದಲಾಗಿರುವುದು ಅದಕ್ಕೆ ಅಂಟಿದ ಮೌಲ್ಯ ಮಾತ್ರ.

ಕ್ರಿಯೆಯಿಂದ ವಸ್ತುವನ್ನು ಹೆಸರಿಸುವ ಕ್ರಮವು ದ್ರಾವಿಡ ಭಾಷೆಗಳಿಗೆ ಹೊಸದಲ್ಲ. ಇಂಗ್ಲಿಷಿನಲ್ಲಿ ಸಿಗಾರಿನ ಒಂದು ಬಗೆಗೆ ಇರುವ ‘ಚೆರೂಟ್’ ಎಂಬ ಹೆಸರು, ‘ಸುರುಳಿ ಸುತ್ತು’ ಎಂಬ ಅರ್ಥದ ತಮಿಳಿನ ‘ಶುರುಟ್ಟು’ ಪದದಿಂದ ಹೋದುದು. ಕನ್ನಡದ ‘ಸುರುಟು’ ಅದರ ಜ್ಞಾತಿಪದ.

2. ಚೊಗರು: ರಸವೂ ದ್ರವವೂ

ಕೆಂಪಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಗಾಢ ದ್ರವಕ್ಕೆ ಚೊಗರು ಎಂದು ಹೆಸರು; ತೊಗರು ಎಂಬ ರೂಪವೂ ಬಳಕೆಯಲ್ಲಿದೆ. ಒಂದು ಸಲದ ಚೊಗರನ್ನು ಮುಂದಿನ ಬೇಯಿಸುವಿಕೆಗೆ ಸೇರಿಸುತ್ತಾರೆ. ಅಡಿಕೆಗೆ ಬಣ್ಣವೂ ಹೊಳಪೂ ಬರುವುದು ಅದರಿಂದಲೇ. ಷಡ್ರಸಗಳಲ್ಲಿ ಸಂಸ್ಕೃತವು ಕಷಾಯವೆನ್ನುವ, ಕನ್ನಡವು ಒಗರು ಎನ್ನುವ ರುಚಿಗೂ ಇದೇ ‘ಚೊಗರು’ ಸಲ್ಲುತ್ತದೆ. ಹೀಗಾಗಿ ‘ಚೊಗರು ಹೆಚ್ಚಾಗಿದೆ’ ಎಂಬ ವಾಕ್ಯವನ್ನು ಹಂಡೆಯ ಮುಂದೆ ಆಡಿದರೆ ದ್ರವದ ಅಳತೆ, ಕವಳ ಹಾಕಿದವನು ಆಡಿದರೆ ನಾಲಗೆಯ ಅನುಭವ. ‘ಕವಳ’ವೂ ಇಲ್ಲಿ ಅರ್ಥಸಂಕೋಚ ಹೊಂದಿದ ಪದ: ಸಂಸ್ಕೃತದಲ್ಲಿ ಬಾಯಿತುಂಬುವ ತುತ್ತು, ಈ ಸೀಮೆಯಲ್ಲಿ ಎಲೆ ಅಡಿಕೆ. ಅಡಿಕೆ ಮರದ ಶಾಸ್ತ್ರೀಯ ನಾಮವಾದ ‘ಅರೆಕಾ ಕಟೆಚು’ವಿನಲ್ಲೂ ಇಂಥ ಕುರುಹಿದೆ. ಮೊದಲ ಪದವು ಪೋರ್ಚುಗೀಸರ ಮೂಲಕ ಹೋದ, ನಮ್ಮ ‘ಅಡಿಕೆ’ಗೆ ಸಂಬಂಧಿಸಿದ ರೂಪ. ಎರಡನೆಯದು ಸಂಭವತಃ ‘ಕಾಚು’ ಎಂಬ ಒಗರು ಸಾರದ ಹೆಸರಿಗೆ ಸಂಬಂಧಿಸಿದುದು.

3. ಸೊಕ್ಕು: ಗುಣವಲ್ಲ, ಘಟನೆ

ಸಿಗಾರ್ ಪರೀಕ್ಷಕರು ಬಾಯಲ್ಲಿ ತುಂಬುವ ರುಚಿಯ ಭಾರವನ್ನೂ ನಿಕೋಟಿನ್ ದೇಹದ ಮೇಲೆ ಮಾಡುವ ಪರಿಣಾಮವನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಕನ್ನಡವು ಇಂಥದೇ ಭೇದವನ್ನು ವ್ಯಾಕರಣದಲ್ಲೇ ತೋರಿಸುತ್ತದೆ. ‘ಈ ಅಡಿಕೆ ಚೊಗರು’ ಎಂಬುದು ನಾಮಾಖ್ಯಾತ; ಗುಣವು ಅಡಿಕೆಗೆ ಸೇರಿದುದು, ಕಾಲಸೂಚಕ ಪ್ರತ್ಯಯವಿಲ್ಲ. ‘ನನಗೆ ಅಡಿಕೆ ಸೊಕ್ಕಿತು’ ಎಂಬುದು ಕ್ರಿಯಾಖ್ಯಾತ. ಅಡಿಕೆ ಕರ್ತೃಸ್ಥಾನದಲ್ಲಿದೆ, ಅನುಭವಿಯು ಚತುರ್ಥಿಯಲ್ಲಿದ್ದಾನೆ, ಕ್ರಿಯೆಗೆ ಭೂತಕಾಲವಿದೆ. ತಲೆ ಸುತ್ತಿ ಬೆವರಿಳಿಯುವುದು ಅಡಿಕೆಯ ಸ್ಥಿರಗುಣವಲ್ಲ, ಒಂದು ದೇಹದಲ್ಲಿ ಒಂದು ಹೊತ್ತಿನಲ್ಲಿ ನಡೆದ ಘಟನೆ ಎಂದು ಈ ರಚನೆ ಪರಿಗಣಿಸುತ್ತದೆ. ಹಳಗನ್ನಡದ ‘ಸೊರ್ಕು’ವಿನಿಂದ ಬಂದ ಇದೇ ಪದವು ನಾಮರೂಪದಲ್ಲಿ ಮನುಷ್ಯನಿಗೆ ಸೇರಿದಾಗ ಗರ್ವವನ್ನು ಸೂಚಿಸುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಾಭವು ನರಮಂಡಲದ ಮೇಲೆ ಪರಿಣಾಮ ಬೀರುವಂಥದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ದರ್ಜೆಯ ಹೆಸರುಗಳಲ್ಲಿ ಇದರ ಸುಳಿವಿಲ್ಲ. ದೇಹದ ಮೇಲಿನ ಪರಿಣಾಮದ ತಿಳಿವಳಿಕೆಯನ್ನು ಈ ಪದಕೋಶದಲ್ಲಿ ‘ಸೊಕ್ಕು’ ಮಾತ್ರ ಹೊತ್ತಿದೆ.

4. ದಾಖಲೆಯ ಭಾಷೆ ಮತ್ತು ನಿಘಂಟು

1923ರಲ್ಲಿ ಸ್ಥಾಪನೆಯಾದ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯ ಅರ್ಜಿಯ ಮೇರೆಗೆ 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಚಪ್ಪಟೆ ನಾಣ್ಯದಂಥ ಆಕಾರ, ಸರಾಸರಿ 7.5 ಗ್ರಾಂ ಒಣತೂಕ, 16 ಮಿಲಿಮೀಟರ್ ದಪ್ಪ ಮುಂತಾದ ಲಕ್ಷಣಗಳಿಂದ ಅಲ್ಲಿ ಅಡಿಕೆಯನ್ನು ಗುರುತಿಸಲಾಗಿದೆ. ಕಾನೂನಿಗೆ ಅಳೆಯಬಹುದಾದ ಗುಣ ಬೇಕು; ತೋಟಿಗನ ಮಾತಿಗೆ ಮಾಡಿದ ಕೆಲಸದ ಹೆಸರು ಸಾಕು. ಇವೆರಡರಲ್ಲಿ ಒಂದನ್ನು ಇನ್ನೊಂದರ ಅನುವಾದವೆಂದು ಭಾವಿಸಲಾಗದು.

ಸುಲಿಯುವ ಕೆಲಸ ಮೆಟ್ಟುಗತ್ತಿಯಿಂದ ಯಂತ್ರಕ್ಕೆ ಸಾಗುತ್ತಿದೆ. ಹಸಿ ಅಡಿಕೆಯನ್ನೇ ಮಾರುವ ರೂಢಿಯೂ ಇದೆ. ಬೇಯಿಸುವ ಕೆಲಸ ಮನೆಯಿಂದ ಹೊರಗೆ ಹೋದಲ್ಲಿ ‘ಚೊಗರು’ ಪದದ ದ್ರವಾರ್ಥವು ಮಾತಿನಿಂದ ಜಾರಿ ರುಚಿಯ ಅರ್ಥವಷ್ಟೇ ಉಳಿಯುವ ಸಾಧ್ಯತೆಯಿದೆ. ಹಾಗಾದರೆ ಎರಡರ ನಂಟು ಮುಂದಿನ ಭಾಷಿಕರಿಗೆ ಕಾಣದು. ಆದ್ದರಿಂದ ಈ ಪದಗಳಿಗೆ ‘ಅಡಿಕೆಯ ಒಂದು ಬಗೆ’ ಎಂಬಂಥ ನಿಘಂಟಿನ ವಿವರಣೆ ಸಾಲದು. ‘ಚಾಲಿ: ಮರದಲ್ಲೇ ಹಣ್ಣಾದ ಅಡಿಕೆಯನ್ನು ಸಿಪ್ಪೆಸಹಿತ ಬಿಸಿಲಿಗೆ ಒಣಗಿಸಿ, ಬೇಯಿಸದೆ, ಸುಲಿದು ಪಡೆದ ಬಿಳಿ ಅಡಿಕೆ’ ಎಂಬ ಮಾದರಿಯಲ್ಲಿ ಕೊಯ್ಲಿನ ಹಂತ, ಸಂಸ್ಕರಣೆ, ಫಲಿತ ಎಂಬ ಮೂರು ಅಂಶಗಳನ್ನೂ ನಮೂದಿಸಬೇಕು. ‘ಸೊಕ್ಕು’ವಿನಂಥ ಪದಗಳಿಗೆ ಅರ್ಥದ ಜೊತೆಗೆ ವಿಭಕ್ತಿ ವಿನ್ಯಾಸವನ್ನೂ ಕೊಡಬೇಕು.