ಮೇಲಕ್ಕೆ ಸೋರುವ ಬೆಳಕು

ಮದುವೆಮನೆಯಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಅರುಂಧತಿ ನಕ್ಷತ್ರ ತೋರಿಸುತ್ತಾರೆ. ವಧೂವರರು ಕಂಡವರಂತೆ ತಲೆಯಾಡಿಸುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಈ ಶಾಸ್ತ್ರವನ್ನು ರಾತ್ರಿಗೆ ಇಟ್ಟುಕೊಂಡರೂ ದೊಡ್ಡ ವ್ಯತ್ಯಾಸವಾಗದು. ಸಪ್ತರ್ಷಿ ಮಂಡಲದ ಬಾಲದಲ್ಲಿರುವ ವಸಿಷ್ಠನ ಕಾಂತಿಮಾನ 2ರ ಆಸುಪಾಸು. ಅವನು ಹೇಗೋ ಕಾಣುತ್ತಾನೆ. ಪಕ್ಕದಲ್ಲೇ ಇರುವ ಅರುಂಧತಿಯದು 4. ಈ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ನಕ್ಷತ್ರ ಮಸುಕು. ಒಳ್ಳೆಯ ಕತ್ತಲಿದ್ದರೆ ಬರಿಗಣ್ಣಿಗೆ 6ರವರೆಗೂ ಎಟುಕುತ್ತದೆ. ದೊಡ್ಡ ನಗರದ ನಡುವೆ 3 ದಾಟುವುದೇ ಕಷ್ಟ. ಕತ್ತಲ ಊರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರ ಕಾಣುವ ಹೊತ್ತಿನಲ್ಲಿ ಇಲ್ಲಿ ನೂರು ಸಿಕ್ಕರೆ ಪುಣ್ಯ.

ನಕ್ಷತ್ರಗಳೇನೂ ಮಂಕಾಗಿಲ್ಲ, ಅವುಗಳ ಹಿಂದಿನ ಆಕಾಶ ಬೆಳ್ಳಗಾಗಿದೆ. ಬೀದಿದೀಪ, ಜಾಹೀರಾತು ಫಲಕ, ಮೈದಾನದ ಫ್ಲಡ್‌ಲೈಟುಗಳ ಬೆಳಕು ಮೇಲೇರಿ ಗಾಳಿಯ ಅಣುಗಳಿಗೂ ದೂಳಿಗೂ ತಾಗಿ ಚದುರುತ್ತದೆ. ಅದರಲ್ಲೊಂದು ಪಾಲು ನಮ್ಮ ಕಣ್ಣಿಗೇ ವಾಪಸು. ಹಗಲಿನ ಬಾನು ನೀಲಿಯಾಗಲು ಯಾವ ನಿಯಮ ಕಾರಣವೋ ಅದೇ ಇಲ್ಲೂ ನಡೆಯುತ್ತದೆ. 450 ನ್ಯಾನೊಮೀಟರ್ ತರಂಗದೂರದ ನೀಲಿ ಬೆಳಕನ್ನು ಗಾಳಿಯ ಅಣುಗಳು 600ರ ಕಿತ್ತಳೆಗಿಂತ ಮೂರು ಪಟ್ಟು ಹೆಚ್ಚು ಚದುರಿಸುತ್ತವೆ. ಹಳೆಯ ಸೋಡಿಯಂ ದೀಪದ್ದು ಬಹುಪಾಲು ಹಳದಿ ಬೆಳಕು. ಅದರ ಜಾಗಕ್ಕೆ ಬಂದ ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ದೀಪವೇ. ಮೇಲಿನ ಫಾಸ್ಫರ್ ಲೇಪ ಅದರಲ್ಲಿ ಒಂದಷ್ಟನ್ನು ಹಳದಿಯಾಗಿಸುತ್ತದೆ, ಮಿಕ್ಕ ನೀಲಿ ಹಾಗೆಯೇ ಹೊರಬೀಳುತ್ತದೆ. ಎಲ್‌ಇಡಿಯಿಂದ ಕರೆಂಟು ಉಳಿಯಿತು, ನಿಜ. ಉಳಿಯಿತಲ್ಲ ಎಂದು ಇನ್ನೆರಡು ದೀಪ ಹಾಕಿಸಿದೆವು.

ಸೋಜಿಗವೆಂದರೆ ಈ ಬದಲಾವಣೆ ಉಪಗ್ರಹಗಳ ಕಣ್ಣಿಗೆ ಸರಿಯಾಗಿ ಬೀಳಲೇ ಇಲ್ಲ. ರಾತ್ರಿಯ ಭೂಮಿಯನ್ನು ಅಳೆಯುವ ಮುಖ್ಯ ಉಪಕರಣಕ್ಕೆ 500 ನ್ಯಾನೊಮೀಟರಿಗಿಂತ ಕೆಳಗಿನ ನೀಲಿ ಕಾಣದು. ಅದರ ಪ್ರಕಾರ ಭೂಮಿಯ ಬೆಳಕು ವರ್ಷಕ್ಕೆ ಸುಮಾರು ಶೇ. 2ರಷ್ಟು ಏರುತ್ತಿತ್ತು. 2011ರಿಂದ 2022ರವರೆಗೆ ಸಾಮಾನ್ಯ ಜನ, ಹೆಚ್ಚಾಗಿ ಯುರೋಪ್ ಮತ್ತು ಉತ್ತರ ಅಮೆರಿಕದವರು, ಅಂಗಳದಲ್ಲಿ ನಿಂತು ತಮಗೆ ಕಂಡ ನಕ್ಷತ್ರಗಳನ್ನು ನಕಾಶೆಯೊಂದಿಗೆ ಹೋಲಿಸಿ ದಾಖಲಿಸಿದರು. ಐವತ್ತು ಸಾವಿರಕ್ಕೂ ಮಿಕ್ಕ ಆ ದಾಖಲೆಗಳಿಂದ ಸಿಕ್ಕ ಉತ್ತರವೇ ಬೇರೆ: ಆಕಾಶದ ಹೊಳಪು ವರ್ಷಕ್ಕೆ ಶೇ. 9.6ರಷ್ಟು ಏರಿದೆ. ಎಂದರೆ ಎಂಟು ವರ್ಷ ತುಂಬುವುದರೊಳಗೆ ಇಮ್ಮಡಿ! ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಕಡೆ, ಅದಕ್ಕೆ ಹದಿನೆಂಟು ತುಂಬುವಾಗ ಕಾಣುವುದು ನೂರೇ.

ಬೆಂಗಳೂರಿನಿಂದ ಸಾವಿರಾರು ಕಿಲೋಮೀಟರ್ ಉತ್ತರಕ್ಕೆ, ಲಡಾಖಿನ ಹಾನ್ಲೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ದೂರದರ್ಶಕವಿದೆ. ಎತ್ತರ 4,500 ಮೀಟರ್. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಅಲ್ಲಿ ಕುಳಿತವರು ನೋಡುವುದು ತಮ್ಮ ತಲೆಯ ಮೇಲಿನ ಆಕಾಶವನ್ನಲ್ಲ. ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕಿಟಕಿಗೆ ದಪ್ಪ ಪರದೆ, ದೀಪಕ್ಕೆ ಮೇಲ್ಮುಚ್ಚಳ, ರಾತ್ರಿ ವಾಹನಗಳಿಗೆ ಹೈಬೀಮ್ ಬೇಡ: ಅಲ್ಲಿನ ಏರ್ಪಾಡು ಇಷ್ಟು ಸರಳ. ಹಳ್ಳಿಯವರಿಗೆ ನಷ್ಟವೂ ಇಲ್ಲ. ತರಬೇತಿ ಪಡೆದ ಊರಿನ ಹೆಂಗಸರೂ ಗಂಡಸರೂ ಪ್ರವಾಸಿಗರಿಗೆ ಚಿಕ್ಕ ದೂರದರ್ಶಕದಲ್ಲಿ ಶನಿಯ ಬಳೆ ತೋರಿಸಿ ಸಂಪಾದಿಸುತ್ತಾರೆ.