ಹುಟ್ಟಿ ಬೆಳೆದ ಮನೆಯನ್ನು ಬಿಡುವಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಮನೆ ಕಟ್ಟುವ ಕಷ್ಟವನ್ನು ಹಿರಿಯರು ಒಂದು ಮಾತಿನಲ್ಲಿ ಹಿಡಿದಿಟ್ಟರು. ಮನೆ ಬಿಡುವ ಕಷ್ಟಕ್ಕೆ ಅಷ್ಟು ಪ್ರಸಿದ್ಧವಾದ ಗಾದೆಯಿಲ್ಲ. ಪಟ್ಟಣಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರಿಗೆ ಹಳ್ಳಿಯಲ್ಲೊಂದು ಹಳೆಯ ಮನೆ ಇದ್ದೀತು. ತಂದೆತಾಯಿಗಳು ತೀರಿಕೊಂಡಿರಬಹುದು, ಅಣ್ಣತಮ್ಮಂದಿರಲ್ಲಿ ಪಾಲಾಗಿರಬಹುದು, ಬಾಗಿಲ ಬೀಗ ತುಕ್ಕು ಹಿಡಿದಿರಬಹುದು. ಒಂದು ದಿನ ಆ ಮನೆಯನ್ನು ಮಾರುವುದೋ ಕೆಡವುವುದೋ ಅನಿವಾರ್ಯವಾಗುತ್ತದೆ. ಸಾಮಾನು ತೆಗೆದಿಡಲೆಂದು ಒಳಗೆ ಹೋದವರು ಅರ್ಧ ದಿನದ ಕೆಲಸವನ್ನು ಮೂರು ದಿನವಾದರೂ ಮುಗಿಸಲಾರದೆ ಕೂಡುವುದುಂಟು. ಕೈಗೆ ಸಿಕ್ಕಿದ ಒಂದು ಹಿತ್ತಾಳೆಯ ತಂಬಿಗೆ, ಗೋಡೆಯ ಮೇಲಿನ ಒಂದು ಮಸಿಯ ಕಲೆ, ಎಂದೋ ಮುಚ್ಚಿಹೋಗಿದ್ದ ಸಂಕಟವನ್ನು ಎತ್ತಿ ಹೊರಗೆ ಹಾಕುತ್ತದೆ. ಹೀಗೇಕೆ ಆಗುತ್ತದೆ? ಆದಾಗ ಏನು ಮಾಡಬೇಕು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಮನೆ ಬಿಡುವ ಅನುಭವ ಚೆನ್ನಾಗಿ ತಿಳಿದಿರುವ ಒಂದು ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಯಾದಗಿರಿಯ ಹತ್ತಿರ ರಾಮಸಮುದ್ರವೆಂಬ ಊರಿದೆ. ನಮ್ಮ ನಾಡಿನಲ್ಲಿ 'ಸಮುದ್ರ' ಎಂದು ಮುಗಿಯುವ ಊರ ಹೆಸರುಗಳು ಸಾಮಾನ್ಯವಾಗಿ ಕೆರೆಯನ್ನು ಸೂಚಿಸುತ್ತವೆ. ಹೆಸರಿನಲ್ಲಿ ನೀರಿದ್ದರೂ ಈ ಸೀಮೆಯ ಬಹುಪಾಲು ಒಕ್ಕಲುತನ ಜೋಳ, ತೊಗರಿ ಬೆಳೆಯುತ್ತ ಮುಗಿಲು ನೋಡುವ ಒಕ್ಕಲುತನ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ, ಗೋಡೆಯಲ್ಲಿ ದೀಪವಿಡುವ ಗೂಡು, ಒಂದು ಕಡೆ ದನಗಳ ಗೋದಲಿ, ಇನ್ನೊಂದು ಕಡೆ ಪಡಸಾಲೆ. ಹಳೆಯ ಮನೆಗಳು ಹೀಗಿದ್ದುವು. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಿನಲ್ಲಿ ಜನ ಇಂಥ ಮನೆಗಳನ್ನು ಕಳೆದ ಮುಕ್ಕಾಲು ಶತಮಾನದಲ್ಲಿ ಮೂರು ಕಾರಣಗಳಿಂದ ಬಿಟ್ಟಿದ್ದಾರೆ: ಭಯ, ಬರ ಮತ್ತು ನೀರು.

ಮೊದಲನೆಯದು ಭಯ. ಆಗ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. 1947ರ ಆಗಸ್ಟ್ 15ರಂದು ದೇಶಕ್ಕೆ ಬಂದ ಸ್ವಾತಂತ್ರ್ಯ ಇಲ್ಲಿಗೆ ತಲುಪಲು ಇನ್ನೂ ಹದಿಮೂರು ತಿಂಗಳು ಹಿಡಿಯಿತು. ಆ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಅಂಜಿ ಸಂಸ್ಥಾನದ ಅನೇಕ ಕುಟುಂಬಗಳು ಮನೆಗೆ ಬೀಗ ಹಾಕಿ ಗಡಿ ದಾಟಿದುವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು. ಅದರ ಬೆನ್ನಿಗೇ ಭಯದ ದಿಕ್ಕು ಬದಲಾಯಿತು. ಯಾವ ತಪ್ಪನ್ನೂ ಮಾಡದ ಎಷ್ಟೋ ಮುಸಲ್ಮಾನ ಕುಟುಂಬಗಳು ಪ್ರಾಣವನ್ನೂ ಮನೆಯನ್ನೂ ಕಳೆದುಕೊಂಡುವು. ಪಂಡಿತ ಸುಂದರಲಾಲರ ಮುಂದಾಳುತನದ ನಿಯೋಗವೊಂದು ಸುತ್ತಾಡಿ ಇದನ್ನು ಬರೆದು ಸರ್ಕಾರಕ್ಕೆ ಒಪ್ಪಿಸಿತು. ಆದರೆ ಆ ವರದಿ ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಮನೆಗಳಲ್ಲಿಯೂ ಹಾಗೆಯೇ. ಆ ವರ್ಷದ ಮಾತನ್ನು ಎಷ್ಟೋ ಮನೆಗಳಲ್ಲಿ ಹಿರಿಯರು ಮಕ್ಕಳ ಮುಂದೆ ಆಡಲೇ ಇಲ್ಲ.

ಎರಡನೆಯದು ಬರ. ಮಳೆ ಕೈಕೊಟ್ಟ ವರ್ಷ, ಹೊಲದಲ್ಲಿ ಕೆಲಸವಿಲ್ಲದ ತಿಂಗಳು, ಸಾಲ ತೀರದ ಕಾಲ ಬಂದಾಗ ಸಂಸಾರಗಳು ಗುಳೆ ಹೋಗುತ್ತವೆ. ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಏಳುತ್ತಿರುವ ಕಟ್ಟಡಗಳ ಕೆಳಗೆ ತಗಡಿನ ಗುಡಿಸಿಲುಗಳಲ್ಲಿ ಇವರನ್ನು ನೀವು ಕಂಡಿರುತ್ತೀರಿ. ಅವರ ಊರ ಮನೆಯಲ್ಲಿ ಮುದುಕರು ಇರುತ್ತಾರೆ, ಕೆಲವೊಮ್ಮೆ ಬರಿಯ ಬೀಗ ಇರುತ್ತದೆ. ಮಗು ಹಬ್ಬಕ್ಕೆ ಮರಳಿ ಬಂದಾಗ ಅದೇ ಮನೆ ಚಿಕ್ಕದಾಗಿ ಕಾಣುತ್ತದೆ.

ಮೂರನೆಯದು ನೀರು, ಇದರ ಕಥೆ ವಿಚಿತ್ರವಾದುದು. 1964ರ ಮೇ 22ರಂದು, ಪ್ರಧಾನಮಂತ್ರಿಗಳಾಗುವುದಕ್ಕೆ ಕೆಲವೇ ದಿನ ಮೊದಲು, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಆಲಮಟ್ಟಿಯ ಕೆಳಗೆ ನಾರಾಯಣಪುರದಲ್ಲಿ ಎರಡನೆಯ ಅಣೆಕಟ್ಟು 1982ರಲ್ಲಿ ಮುಗಿಯಿತು. ಅಂದು ಸುರಪುರ ತಾಲ್ಲೂಕಿನಲ್ಲಿದ್ದ ನಾರಾಯಣಪುರ ಈಗ ಹುಣಸಗಿ ತಾಲ್ಲೂಕಿಗೆ ಸೇರಿದೆ. ಅಲ್ಲಿಂದ ಹೊರಟ ಕಾಲುವೆಗಳು ಸುರಪುರ, ಶಹಾಪುರಗಳ ಒಣ ಹೊಲಗಳಿಗೆ ನೀರು ತಂದುವು; ಜೋಳದ ನೆಲದಲ್ಲಿ ಬತ್ತ ಬೆಳೆಯಿತು. ಆದರೆ ಕೆಳಗಿನವರ ಹೊಲಕ್ಕೆ ಬಂದ ಆ ನೀರು ಮೇಲಿನವರ ಮನೆಗಳ ಮೇಲೆ ನಿಂತ ನೀರು. ಎರಡು ಅಣೆಕಟ್ಟುಗಳ ಹಿನ್ನೀರಿನಿಂದ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಬಾಧೆಯಾಯಿತು; ಹಳೆಯ ಬಾಗಲಕೋಟೆ ಪಟ್ಟಣದ ತಗ್ಗಿನ ಭಾಗವೂ ಮುಳುಗಡೆಗೆ ಸೇರಿ, ಜನರಿಗಾಗಿ ನವನಗರವನ್ನು ಕಟ್ಟಬೇಕಾಯಿತು. ತಲಬಾಗಿಲು, ತೊಲೆ, ಕಲ್ಲುಗಳನ್ನು ಬಿಚ್ಚಿಕೊಂಡು ಗಾಡಿಗೇರಿಸಿ ಜನ ಹೊರಟರು. ಗುಳೆ ಹೋದವನಿಗೆ ಮರಳಲು ಮನೆಯುಂಟು. ಇವರಿಗೆ ಮರಳಿ ನೋಡಲು ಊರೇ ಇಲ್ಲ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಮನೆಯ ಗೋಡೆಗೂ ನೆನಪಿಗೂ ಏನು ಸಂಬಂಧ? ರೋಮಿನ ಸಿಸಿರೋ ಎಂಬ ವಾಗ್ಮಿ ಎರಡು ಸಾವಿರ ವರ್ಷಗಳ ಹಿಂದೆ ಒಂದು ಕಥೆ ಬರೆದಿದ್ದಾನೆ. ಗ್ರೀಸಿನ ಸೈಮನೈಡೀಸ್ ಎಂಬ ಕವಿ ಒಂದು ಔತಣದಿಂದ ಎದ್ದು ಹೊರಗೆ ಬಂದ ಗಳಿಗೆಯಲ್ಲಿಯೇ ಆ ಶಾಲೆಯ ಮಾಡು ಕುಸಿದುಬಿತ್ತು. ಒಳಗಿದ್ದವರೆಲ್ಲ ಗುರುತು ಹತ್ತದಂತೆ ಮಡಿದರು. ಯಾರು ಎಲ್ಲಿ ಕುಳಿತಿದ್ದರೆಂಬುದನ್ನು ನೆನೆದು ಕವಿ ಒಬ್ಬೊಬ್ಬರನ್ನೂ ಗುರುತಿಸಿಕೊಟ್ಟನಂತೆ. ನೆನಪು ಸ್ಥಳವನ್ನು ಹಿಡಿದು ನಿಲ್ಲುತ್ತದೆ ಎಂಬುದು ಕಥೆಯ ತಾತ್ಪರ್ಯ. ನಮ್ಮ ಕಾಲದ ವಿಜ್ಞಾನ ಇದಕ್ಕೆ ಆಧಾರ ಕೊಟ್ಟಿದೆ. 1971ರಲ್ಲಿ ಲಂಡನ್ನಿನಲ್ಲಿ ಜಾನ್ ಓಕೀಫ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿ ಇಲಿಯ ಮಿದುಳಿನಲ್ಲಿ ಒಂದು ಸಂಗತಿಯನ್ನು ಕಂಡರು: ಪ್ರಾಣಿ ಒಂದು ಗೊತ್ತಾದ ಜಾಗಕ್ಕೆ ಬಂದಾಗ ಮಾತ್ರ ಕೆಲವು ಜೀವಕೋಶಗಳು ಚುರುಕಾಗುತ್ತವೆ. ಈ ಶೋಧಕ್ಕಾಗಿ 2014ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಬಂದಿತು. ಈ ಕೋಶಗಳಿರುವುದು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ನಮ್ಮ ಬಾಳಿನ ಘಟನೆಗಳನ್ನು ನೆನಪಾಗಿ ಕಟ್ಟುವ ಕೆಲಸಕ್ಕೂ ಇದೇ ಭಾಗ ಬೇಕು. 'ಎಲ್ಲಿ' ಎಂಬುದೂ 'ಏನಾಯಿತು' ಎಂಬುದೂ ಮಿದುಳಿನಲ್ಲಿ ನೆರೆಹೊರೆಯವು.

ಆದುದರಿಂದ ನೀವು ಹಳೆಯ ಮನೆಯ ಹೊಸ್ತಿಲು ದಾಟಿದಾಗ ಕರೆಯದೆಯೇ ನೆನಪುಗಳು ಬರುವುದು ದೌರ್ಬಲ್ಯವಲ್ಲ, ಸಹಜ ಧರ್ಮ. ಸ್ಥಳವೂ ವಾಸನೆಯೂ ಸದ್ದೂ ಸುಳಿವು ಕೊಡುತ್ತವೆ. ಜೊತೆಗೆ, ಇದೇ ಕೊನೆಯ ಸಲ ಎಂಬ ಅರಿವು ಆ ಸುಳಿವನ್ನು ಹರಿತಗೊಳಿಸುತ್ತದೆ.

ಇಲ್ಲಿಯೇ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಹುಟ್ಟಿದ ಮನೆಯೆಂದರೆ ಅಕ್ಕರೆಯ ಮನೆ ಎಂದು ನಾವು ತಿಳಿದುಕೊಂಡುಬಿಡುತ್ತೇವೆ. ಎಲ್ಲರಿಗೂ ಅದು ಹಾಗಿರುವುದಿಲ್ಲ. ಪಡಸಾಲೆಯ ಅದೇ ಕಂಬಕ್ಕೆ ಒಬ್ಬ ಮಗ ಆತುಕೊಂಡು ಕಥೆ ಕೇಳಿರುತ್ತಾನೆ. ಇನ್ನೊಬ್ಬನನ್ನು ಕಟ್ಟಿ ಹೊಡೆದಿರುತ್ತಾರೆ. ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ ಬಂದ ಸೊಸೆಗೆ ಅಡಿಗೆಮನೆಯ ಮೂಲೆ ಅತ್ತ ಮೂಲೆಯಾಗಿರಬಹುದು. ಬರದ ವರ್ಷ ಮಗುವನ್ನು ಕಳೆದುಕೊಂಡ ತಾಯಿಗೆ ಆ ತೊಟ್ಟಿಲ ಕೊಂಡಿಯನ್ನು ನೋಡುವುದೇ ಶಿಕ್ಷೆ. ಊರ ಹೊರಗಿನ ಕೇರಿಯಲ್ಲಿ ಬೆಳೆದವನಿಗೆ ಊರು ಬಿಡುವುದೆಂದರೆ ಅವಮಾನವನ್ನು ಬಿಟ್ಟು ಹೋಗುವುದೂ ಆಗಿರುತ್ತದೆ. ಇಂಥವರಿಗೆ ಮನೆ ಬಿಡುವಾಗ ದುಃಖದ ಜೊತೆಗೆ ಒಂದು ಬಿಡುಗಡೆಯೂ ಆಗುತ್ತದೆ. ಎಲ್ಲರೂ ಅಳುತ್ತಿರುವಾಗ ತನಗೆ ಹಗುರವೆನಿಸಿತಲ್ಲಾ ಎಂದು ಅವರು ಒಳಗೇ ನಾಚುತ್ತಾರೆ. ನಾಚಬೇಕಾದ ಕಾರಣವಿಲ್ಲ. ಒಂದೇ ಮನೆಯನ್ನು ಪ್ರೀತಿಸುವುದೂ ಅದರಿಂದ ನೊಂದಿರುವುದೂ ಒಟ್ಟಿಗೆ ನಿಜವಾಗಿರಬಲ್ಲುವು. ನಿಮ್ಮ ಮನೆಯಲ್ಲಿ ಯಾರಾದರೂ ಹಳೆಯ ಮನೆಗೆ ಬರಲೊಲ್ಲೆ ಎಂದರೆ, ಅವರಿಗೆ ಅಭಿಮಾನವಿಲ್ಲವೆಂದು ಅವಸರದಿಂದ ತೀರ್ಮಾನಿಸಬೇಡಿ.

ಸರ್ಕಾರ ನೆಲವನ್ನು ವಶಪಡಿಸಿಕೊಳ್ಳುವಾಗ ಬಾಗಿಲು, ಕಿಟಕಿ, ಬಾವಿ, ಗಿಡಮರಗಳನ್ನು ಎಣಿಸಿ ಬೆಲೆ ಕಟ್ಟುತ್ತಾರೆ. ಆದರೆ ಎಣಿಕೆಗೆ ಸಿಕ್ಕದ್ದೂ ಏನೋ ಹೋಗುತ್ತದೆಂಬುದು ಕಾನೂನಿಗೂ ಗೊತ್ತು. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಮಾರುಕಟ್ಟೆಯ ಬೆಲೆಯ ಮೇಲೆ ನೂರಕ್ಕೆ 15ರಂತೆ ಹೆಚ್ಚಿನ ಹಣವನ್ನು, ಬಲವಂತದಿಂದ ಕಿತ್ತುಕೊಂಡುದಕ್ಕಾಗಿ, ಕೊಡಬೇಕೆಂದಿದ್ದಿತು. ಇದಕ್ಕೆ ಸೊಲೇಷಿಯಂ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಸಾಂತ್ವನವೆಂದೇ ಅರ್ಥ. 1984ರ ತಿದ್ದುಪಡಿಯಿಂದ ಅದು ನೂರಕ್ಕೆ 30 ಆಯಿತು. 2013ರ ಹೊಸ ಕಾಯಿದೆಯಲ್ಲಿ ನೂರಕ್ಕೆ 100. ಸಾಂತ್ವನದ ದರ ಏರಿದ್ದು ಒಳ್ಳೆಯದೇ. ಅದು ನೊಂದವರಿಗೆ ನ್ಯಾಯವಾಗಿ ಸಲ್ಲಬೇಕಾದುದು. ಆದರೆ ಸಾಂತ್ವನದ ಇನ್ನೊಂದು ಭಾಗವನ್ನು ಖಜಾನೆ ಕೊಡಲಾರದು. ಅದನ್ನು ಮನೆಯವರೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಬೇಕು.

ಹೇಗೆ? ಕೂಡಲಸಂಗಮಕ್ಕೆ ನೀವು ಹೋಗಿರಬಹುದು. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಆ ಕ್ಷೇತ್ರ ನಾರಾಯಣಪುರದ ಹಿನ್ನೀರಿನಲ್ಲಿದೆ. ಬಸವಣ್ಣನವರ ಐಕ್ಯಮಂಟಪ ಮುಳುಗುವ ಸಂಭವವಿದ್ದಾಗ, ಅದರ ಸುತ್ತ ದೊಡ್ಡ ಬಾವಿಯಂತೆ ದುಂಡನೆಯ ಗೋಡೆ ಕಟ್ಟಿ, ಇಳಿಯಲು ಮೆಟ್ಟಿಲು ಮಾಡಿದರು. ಸುತ್ತ ನೀರು ನಿಂತರೂ ಜನ ಮೆಟ್ಟಿಲಿಳಿದು ದರ್ಶನ ಮಾಡಿ ಮತ್ತೆ ಮೇಲೇರಿ ಬರುತ್ತಾರೆ. ನೋವಿನ ನೆನಪಿಗೂ ಇಂಥದೇ ಒಂದು ಏರ್ಪಾಡು ಬೇಕು. ಅದನ್ನು ಮುಳುಗಿಸಿಬಿಡುತ್ತೇನೆಂದರೆ ಆಗದು. ಅದರಲ್ಲಿಯೇ ಮುಳುಗಿಹೋಗುವುದೂ ಸಲ್ಲದು. ಬೇಕಾದಾಗ ಇಳಿದು, ನೋಡಿ, ಮೇಲೆ ಬರುವಂತಿರಬೇಕು.

ಇದಕ್ಕೆ ಕೆಲವು ಸಾಧಾರಣ ಉಪಾಯಗಳಿವೆ. ಮನೆ ಕೈಬಿಡುವ ಮೊದಲು ಒಂದು ದಿನವನ್ನು ಸಾಮಾನಿಗಲ್ಲ, ಮಾತಿಗೆಂದು ಇಟ್ಟುಕೊಳ್ಳಿ. ಮನೆಯ ಹಿರಿಯಳೊಬ್ಬಳ ಜೊತೆ ಒಂದೊಂದೇ ಅಂಕಣ ನಡೆಯಿರಿ. ಇಲ್ಲಿ ಏನು ನಡೆಯಿತೆಂದು ಕೇಳಿ. ಹೇಳಿದುದನ್ನು ತಿದ್ದಬೇಡಿ, ಅದೇನು ದೊಡ್ಡದಲ್ಲ ಎನ್ನಬೇಡಿ. ಮಕ್ಕಳ ಕೈಯಲ್ಲಿ ಮನೆಯ ನಕ್ಷೆ ಬರೆಯಿಸಿ, ಗೋದಲಿ ಎಲ್ಲಿತ್ತು, ದೀಪದ ಗೂಡು ಎಲ್ಲಿತ್ತು ಎಂದು ಗುರುತು ಹಾಕಿಸಿ. ಬಾಯಲ್ಲಿ ಹೇಳಲಾರದವರು ಬರೆಯಬಹುದು. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನಿಬೇಕರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬಾಳಿನ ದೊಡ್ಡ ನೋವನ್ನು ಕುರಿತು ಬರೆದರು. ಬರೆದ ಹೊತ್ತಿನಲ್ಲಿ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ನಡೆದುದನ್ನೂ ಅದರ ಸಂಕಟವನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆಯಾಯಿತು. ಆಮೇಲಿನ ಪರೀಕ್ಷೆಗಳಲ್ಲಿ ಈ ಪ್ರಯೋಜನ ಸಣ್ಣದೆಂದೂ ಎಲ್ಲರಿಗೂ ಒಂದೇ ಸಮನಾಗಿ ದೊರೆಯದೆಂದೂ ಕಂಡುಬಂದಿದೆ. ಆದ್ದರಿಂದ ಯಾರನ್ನೂ ಒತ್ತಾಯಿಸಬಾರದು. ಒಲ್ಲದವರನ್ನು ಕೆದಕಿ ಮಾತಾಡಿಸುವುದು ಗಾಯವನ್ನು ಕೆರೆದಂತೆ.

ನಿದ್ದೆ ಬಾರದೆ, ಊಟ ಸೇರದೆ, ವಾರಗಟ್ಟಲೆ ಅದೇ ನೆನಪು ಕಾಡುತ್ತಿದ್ದರೆ ಮನೆಮದ್ದು ಸಾಲದು. ವೈದ್ಯರ ಸಹಾಯ ಪಡೆಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಕೊನೆಯದಾಗಿ ಒಂದು ವಿಷಯ. ಹೊರಡುವಾಗ ಏನನ್ನು ಒಯ್ಯಬೇಕು ಎಂದು ಎಲ್ಲರೂ ಯೋಚಿಸುತ್ತಾರೆ: ದೇವರ ಪೆಟ್ಟಿಗೆ, ಅಜ್ಜಿಯ ಬೀಸುಕಲ್ಲು, ಹಳೆಯ ತಲಬಾಗಿಲು. ಏನನ್ನು ಒಯ್ಯಬಾರದು ಎಂದೂ ಅಷ್ಟೇ ಯೋಚಿಸಬೇಕು. ಪಾಲಿನ ಜಗಳದಲ್ಲಿ ನಿಂತುಹೋದ ಅಣ್ಣತಮ್ಮಂದಿರ ಮಾತು, ತಪ್ಪು ಮಾಡದೆ ಹೊತ್ತುಕೊಂಡ ಅಪವಾದ, ಯಾರೂ ಕೇಳದೆ ಉಳಿದ ಒಬ್ಬ ಹೆಂಗಸಿನ ಅಳು, ಇವು ಬಾಯಿ ಬಿಡದಿದ್ದರೆ ಗಾಡಿಯಲ್ಲಿ ಜಾಗ ಕೇಳದೆಯೇ ಹೊಸ ಮನೆಗೆ ಬಂದುಬಿಡುತ್ತವೆ. ಹೇಳಿದ ಮಾತ್ರಕ್ಕೆ ಅವು ಮಾಯವಾಗುವುದಿಲ್ಲ, ನಿಜ. ಆದರೆ ಹೇಳಿದವರಿಗೆ ಒಬ್ಬ ಕೇಳಿದವರು ಸಿಕ್ಕಿರುತ್ತಾರೆ. ಮುಂದಿನ ಸಲ ಹಳ್ಳಿಯ ಮನೆಯ ಮಾತು ಬಂದಾಗ, ಅದರ ಬೆಲೆಯನ್ನು ವಿಚಾರಿಸುವ ಮೊದಲು, ಅಲ್ಲಿ ಬಾಳಿದವರನ್ನು ಒಮ್ಮೆ ಕೂಡಿಸಿ ಕೇಳಿ ನೋಡಿ.